ಡೆಲ್ಫಿಯಾಳ ಖಾಲಿ ಪಟ್ಟಿ

ಬ್ರಶಿ ಕೊಳ್ಳದಲ್ಲಿ ಟಪಾಲು ಹಂಚಿದ ಮೂವತ್ತೊಂದು ವರ್ಷಗಳಲ್ಲಿ ಡೆಲ್ಫಿಯಾ ನೇಪಿಯರ್ ಇನ್ನೊಬ್ಬರ ಕಾಗದವನ್ನು ಒಮ್ಮೆಯೂ ಓದಿದವಳಲ್ಲ. ಲಕೋಟೆಯ ಮಾತು ಹಾಗಿರಲಿ, ಬಿಚ್ಚಿಕೊಂಡೇ ಬರುವ ಕಾರ್ಡುಗಳನ್ನೂ ಆಕೆ ವಿಳಾಸದ ಬದಿಯನ್ನು ಮೇಲಕ್ಕೆ ಮಾಡಿ ಹಿಡಿಯುತ್ತಿದ್ದಳು. "ಹೊರಗೆ ಬರೆದಿರೋದು ನನ್ನದು, ಒಳಗೆ ಬರೆದಿರೋದು ನಿಮ್ಮದು" ಎಂಬುದು ಆಕೆಯ ಮಾತು. ಯಾರಾದರೂ ಕುತೂಹಲದಿಂದ ಪಕ್ಕದ ಮನೆಗೆ ಎಲ್ಲಿಂದ ಕಾಗದ ಬಂತೆಂದು ಕೇಳಿದರೆ, "ಚೀಲದಿಂದ" ಎಂದು ಹೇಳಿ ಜೀಪನ್ನು ಮುಂದಕ್ಕೆ ಬಿಡುತ್ತಿದ್ದಳು.

ಕೆಂಟಕಿಯ ಪೂರ್ವದ ಬೆಟ್ಟಗಳ ನಡುವೆ ಬೆರಳು ತೂರಿಸಿದ ಹಾಗೆ ಒಳಕ್ಕೆ ಹೋಗಿರುವ ಕೊಳ್ಳ ಅದು. ನಡುವೆ ಹಳ್ಳ, ಹಳ್ಳದ ಮಗ್ಗುಲಲ್ಲಿ ಒಂದೇ ರಸ್ತೆ, ರಸ್ತೆಯ ಉದ್ದಕ್ಕೂ ಇಪ್ಪತ್ತಮೂರು ಮನೆ. ಕೊಳ್ಳದ ಬಾಯಲ್ಲಿ ಓಪಲ್ ರಿಚಿಯ ಮನೆಯಿಂದ ಮೊದಲಾದ ಟಪಾಲಿನ ಸರದಿ, ತಲೆಯಲ್ಲಿರುವ ಎಸ್ಟಿಲ್ ಫ್ಯುಗೇಟನ ಮನೆಯಲ್ಲಿ ಮುಗಿಯುತ್ತಿತ್ತು. ಡೆಲ್ಫಿಯಾಳ ಗಂಡ ಗಣಿಯ ಧೂಳು ಕುಡಿದ ಪುಪ್ಪುಸ ಹೊತ್ತು ಬೇಗನೆ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಆ ಇಪ್ಪತ್ತಮೂರು ಟಪಾಲು ಡಬ್ಬಿಗಳೇ ಆಕೆಯ ಸಂಸಾರವೆಂದು ಜನ ತಮಾಷೆ ಮಾಡುತ್ತಿದ್ದರು. ಆಕೆ ಬೇಸರಪಟ್ಟುಕೊಳ್ಳುತ್ತಿರಲಿಲ್ಲ.

ಎಸ್ಟಿಲನ ಹೆಂಡತಿ ಇಮೊಜೀನ್ ಡೆಲ್ಫಿಯಾಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದಾಗ ಒಂದು ದಿನ ಡೆಲ್ಫಿಯಾಳ ಕೈ ಹಿಡಿದುಕೊಂಡು, "ಅವನು ಬಾಯಿ ಬಿಟ್ಟು ಏನೂ ಕೇಳೋನಲ್ಲ ಕಣೇ. ಮನೆಗೆ ಬೆಂಕಿ ಬಿದ್ರೂ, ಪುರುಸೊತ್ತಾದಾಗ ನೀರು ತನ್ನಿ ಅಂತಾನೆ. ಅವನ ಮೇಲೊಂದು ಕಣ್ಣಿಟ್ಟಿರು" ಎಂದಳು. ಡೆಲ್ಫಿಯಾ ಆಗಲಿ ಎಂದಳು. ಕಷ್ಟದ ಮಾತೇನೂ ಆಗಿರಲಿಲ್ಲ. ಭಾನುವಾರ ಬಿಟ್ಟು ದಿನವೂ ಆಕೆ ಆ ಡಬ್ಬಿಯ ಮುಂದೆ ನಿಲ್ಲಲೇಬೇಕಿತ್ತು. ನಿನ್ನೆಯ ಟಪಾಲು ಹಾಗೇ ಉಳಿದಿದ್ದರೆ ಇಳಿದು ಬಾಗಿಲು ತಟ್ಟುವುದು, ಇಲ್ಲದಿದ್ದರೆ ಎರಡು ಸಲ ಹಾರ್ನ್ ಒತ್ತಿ ಹಿಂತಿರುಗುವುದು. ಎಸ್ಟಿಲ್ ಕಿಟಕಿಯಿಂದ ಕೈ ಎತ್ತುತ್ತಿದ್ದ. ಹೀಗೆ ಹನ್ನೊಂದು ವರ್ಷ ನಡೆಯಿತು.

ಆಮೇಲೆ ನಿವೃತ್ತಿ ಬಂತು. ಎಲ್ಲ ಡಬ್ಬಿಗಳನ್ನೂ ಕೊಳ್ಳದ ಬಾಯಿಗೆ ತಂದು ಒಂದೇ ಸಾಲಿನಲ್ಲಿ ನೆಟ್ಟರು. ಹೊಸ ಟಪಾಲಿನವನು ಅಲ್ಲಿಂದಲೇ ಹಿಂದಿರುಗುತ್ತಿದ್ದ. ಅದಾದ ಎರಡನೆಯ ವರ್ಷದ ಜುಲೈನಲ್ಲಿ ಹಳ್ಳ ಉಕ್ಕಿ ಬಂದು ನಾಲ್ಕು ಮನೆಗಳನ್ನೂ ಎರಡು ಸೇತುವೆಗಳನ್ನೂ ದೂರವಾಣಿಯ ತಂತಿಯನ್ನೂ ತೆಗೆದುಕೊಂಡು ಹೋಯಿತು. ಮನೆಗಳನ್ನು ಜನರೇ ಸೇರಿ ಎಬ್ಬಿಸಿದರು. ತಂತಿ ಎಳೆಯುವವರು ಮಾತ್ರ ಬರಲಿಲ್ಲ. ಮೊಬೈಲಿನ ಸಿಗ್ನಲ್ ಆ ಬೆಟ್ಟಗಳನ್ನು ದಾಟಿ ಒಳಕ್ಕೆ ಎಂದೂ ಬಂದದ್ದಿಲ್ಲ.

ಆ ಶರತ್ಕಾಲದಲ್ಲಿ ಟೆಸ್ಸಾ ಕ್ವಿಲೆನ್ ಎಂಬ ಇಂಜಿನಿಯರ್ ಹೆಣ್ಣುಮಗಳು ವಿಶ್ವವಿದ್ಯಾಲಯದ ವ್ಯಾನಿನಲ್ಲಿ ಮನೆಗೊಂದು, ಚರ್ಚಿನ ಗೋಪುರಕ್ಕೊಂದು ಎಂದು ಇಪ್ಪತ್ತನಾಲ್ಕು ರೇಡಿಯೋ ಪೆಟ್ಟಿಗೆಗಳನ್ನು ಹೇರಿಕೊಂಡು ಬಂದಳು. ಒಂದೊಂದೂ ಬ್ರೆಡ್ಡಿನ ತುಂಡಿನಷ್ಟು. ಮೇಲೆ ಬಿಸಿಲಿನಿಂದ ವಿದ್ಯುತ್ತು ಮಾಡುವ ಫಲಕ, ಮುಂದೆ ಅಂಗೈಯಗಲದ ಪರದೆ, ಕೆಳಗೆ ಅಕ್ಷರದ ಗುಂಡಿಗಳು. ಜನ ಯಾರಿಗೆ ಬಾಗಿಲು ತೆರೆಯುತ್ತಾರೆಂದು ಆಕೆ ಪಾದ್ರಿಯನ್ನು ಕೇಳಿದಾಗ ಅವರು ಡೆಲ್ಫಿಯಾಳ ಮನೆ ತೋರಿಸಿದರು.

ಡೆಲ್ಫಿಯಾ ಪೆಟ್ಟಿಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಯಾರಿಗೆ ಅಂತ ಎಲ್ಲಿ ಬರೀಬೇಕು?"

"ಬರೆಯೋ ಹಾಗಿಲ್ಲ, ಮಿಸ್ ಡೆಲ್ಫಿಯಾ. ಇಂಥೋರಿಗೆ ಅಂತ ಕಳಿಸೋದಲ್ಲ ಇದು."

"ಮತ್ತೆ ಹೋಗೋದು ಯಾರ ಮನೆಗೆ?"

"ಬೇಕು ಅಂದೋರ ಮನೆಗೆ."

"ವಿಳಾಸ ಇಲ್ಲದ ಕಾಗದ ನಮ್ಮಲ್ಲಿ ಎಲ್ಲಿಗೆ ಹೋಗ್ತಿತ್ತು ಗೊತ್ತೇನಮ್ಮ? ಅಟ್ಲಾಂಟಾದಲ್ಲಿ ಅದಕ್ಕೇ ಅಂತ ಒಂದು ಕಟ್ಟಡ ಇದೆ. ಅಲ್ಲಿಗೆ ಹೋಗಿ ವಾಪಸು ಬಂದದ್ದನ್ನ ನಾನಂತೂ ಕಾಣೆ."

ಟೆಸ್ಸಾ ನಕ್ಕು, ಜಗಲಿಯ ಮೇಲೆ ಒಣಹಾಕಿದ್ದ ಬೀನ್ಸನ್ನು ಸಾಲಾಗಿ ಇಟ್ಟು ತೋರಿಸಿದಳು. "ಇದು ಓಪಲ್ ಅವರ ಮನೆ ಅಂದ್ಕೊಳ್ಳಿ. 'ನನಗೆ ನೀರಿನ ಸುದ್ದಿ ಬೇಕು' ಅಂತ ಇದು ಪಕ್ಕದ ಪೆಟ್ಟಿಗೆಗೆ ಹೇಳತ್ತೆ. ಅದು ತನ್ನ ಪಕ್ಕದ್ದಕ್ಕೆ 'ನನ್ನ ಕಡೆ ಯಾರೋ ನೀರು ಕೇಳ್ತಿದಾರೆ' ಅನ್ನತ್ತೆ. ಯಾರು ಅಂತ ಹೇಳಲ್ಲ. ಹೀಗೇ ಕೊಳ್ಳದ ತಲೆವರೆಗೆ. ಮೇಲೆ ಯಾರಾದ್ರೂ 'ಹಳ್ಳದ ನೀರು ಏರ್ತಾ ಇದೆ' ಅಂತ ಬರೆದ್ರೆ, ಅದರಲ್ಲಿ 'ನೀರು' ಅನ್ನೋ ಮಾತು ಇರೋದ್ರಿಂದ, ಆ 'ಬೇಕು' ಬಂದ ದಾರಿ ಹಿಡಿದೇ ಸುದ್ದಿ ಕೆಳಗೆ ಬರತ್ತೆ."

"ಯಾರೂ ಕೇಳದೆ ಇರೋದನ್ನ ಬರೆದ್ರೆ?"

"ಬರೆದ ಪೆಟ್ಟಿಗೇಲೇ ಕೂತಿರತ್ತೆ. ಮೂವತ್ತು ದಿನ ಕಾಯತ್ತೆ. ಆಮೇಲೆ ಅಳಿಸಿ ಹೋಗತ್ತೆ."

"ಅಂದ್ರೆ ಈ ಪೆಟ್ಟಿಗೆ ಒಳಗೆ ಬರೆದಿರೋದನ್ನ ಓದಿ ಹಂಚತ್ತೆ" ಎಂದಳು ಡೆಲ್ಫಿಯಾ. ಆಕೆಯ ಮುಖ ಗಂಟಾಗಿತ್ತು. ಆದರೆ ಜುಲೈ ತಿಂಗಳು ನೆನಪಿತ್ತು. ನೀರು ಬರುತ್ತಿದೆಯೆಂದು ಕೂಗಿ ಹೇಳುವುದಕ್ಕೆ ಅಂದು ಕಾರಿನ ಹಾರ್ನ್ ಬಿಟ್ಟು ಬೇರೇನೂ ಇರಲಿಲ್ಲ.

ಮುಂದಿನ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಜನ ಚರ್ಚಿನಲ್ಲೇ ಉಳಿದರು. ಒಂದೊಂದು ಪೆಟ್ಟಿಗೆಯಲ್ಲೂ ಆ ಮನೆಗೆ ಬೇಕಾದ ಮಾತುಗಳ ಪಟ್ಟಿ ಬರೆಯಬೇಕಿತ್ತು. ಆ ಪಟ್ಟಿಯಲ್ಲಿ ಏನೇನು ಕೇಳಬಹುದೆಂಬ ಚರ್ಚೆ ಎದ್ದಿತು. ಮರ ಕೊಯ್ಯುವ ಹರ್ಷೆಲ್ ಸ್ಟೇಸಿ ಎದ್ದು ನಿಂತ. "ಹಿಂದೆ ಎಂಟು ಮನೆಗೆ ಒಂದೇ ಫೋನ್ ತಂತಿ ಇತ್ತಲ್ಲ, ಮರೆತಿರಾ? ಯಾರದಾದ್ರೂ ಹೆಸರು ಕಿವಿಗೆ ಬಿದ್ರೆ ಸಾಕು, ಎಂಟೂ ಮನೇಲಿ ಉಸಿರು ಬಿಗಿಹಿಡಿದು ಕೇಳೋರು. ನಮ್ಮಪ್ಪ, ಓಪಲ್ ಅವರಪ್ಪ ಒಂಬತ್ತು ವರ್ಷ ಮಾತು ಬಿಟ್ಟಿದ್ರು. ಯಾತಕ್ಕೆ?"

"ನಿಮ್ಮಮ್ಮನ ಕಿವಿ ಉದ್ದ ಇತ್ತು, ಅದಕ್ಕೆ" ಎಂದಳು ಓಪಲ್ ಹಿಂದಿನ ಬೆಂಚಿನಿಂದ.

"ನಿಮ್ಮಪ್ಪನ ನಾಲಿಗೆ ಅದಕ್ಕಿಂತ ಉದ್ದ ಇತ್ತು."

ನಗುವಿನ ನಡುವೆ ಡೆಲ್ಫಿಯಾ ಎದ್ದಳು. ಸಭೆಯಲ್ಲಿ ಮಾತನಾಡುವ ರೂಢಿ ಆಕೆಗಿರಲಿಲ್ಲ, ಆದ್ದರಿಂದ ಎಲ್ಲರೂ ಆಕೆಯತ್ತ ತಿರುಗಿದರು. "ನೀರು ಕೇಳಿ, ರಸ್ತೆ ಕೇಳಿ, ಔಷಧಿ ಕೇಳಿ. ಪಟ್ಟೀಲಿ ಯಾರ ಹೆಸರೂ ಬೇಡ. ಇನ್ನೊಬ್ಬರ ಹೆಸರು ಬಂದಾಗ ನನಗೆ ತಿಳಿಸು ಅನ್ನೋದು, ಅವರ ಡಬ್ಬಿಗೆ ಕೈ ಹಾಕಿದ ಹಾಗೇ."

ಮೂವತ್ತೊಂದು ವರ್ಷದ ನಂಬಿಕೆಯ ಮುಂದೆ ಯಾರೂ ಎದುರಾಡಲಿಲ್ಲ. ಹೆಸರು ಬೇಡವೆಂದು ಎಲ್ಲರೂ ಕೈ ಎತ್ತಿದರು. ಎಸ್ಟಿಲ್ ಆ ಸಭೆಗೆ ಬಂದಿರಲಿಲ್ಲ. ಇಮೊಜೀನಳನ್ನು ಮಣ್ಣು ಮಾಡಿದ ಮೇಲೆ ಅವನು ಚರ್ಚಿನ ಬಾಗಿಲು ದಾಟಿರಲಿಲ್ಲ.

ಡೆಲ್ಫಿಯಾ ಹಳೆಯ ಜೀಪಿನಲ್ಲಿ ಹಳೆಯ ಸರದಿಯಂತೆಯೇ ಹೊರಟಳು. ಓಪಲಳಿಗೆ ಸಕ್ಕರೆ ಕಾಯಿಲೆ, ಅವಳು "ಇನ್ಸುಲಿನ್" ಬರೆಸಿದಳು. ಹರ್ಷೆಲ್ "ಬಿದ್ದ ಮರ" ಬರೆಸಿದ. ಒಬ್ಬರು ತಪ್ಪಿಸಿಕೊಂಡ ಹಸು, ಇನ್ನೊಬ್ಬರು ಸೇತುವೆ. "ಸಾವು" ಎಂಬುದನ್ನು ಮಾತ್ರ ಆಕೆ ಕೇಳಿದ ಒಂದು ಮನೆಯೂ ಬಿಡಲಿಲ್ಲ. ಕೊಳ್ಳದಲ್ಲಿ ಸಾವಿಗೆ ಯಾರೂ ಕರೆಯುವುದಿಲ್ಲ. ಸುದ್ದಿ ತಿಳಿದವರು ಅನ್ನಪಾನ ಹಿಡಿದುಕೊಂಡು ಹೋಗಬೇಕು. ಹೆಣ ಮನೆಗೆ ಬರುವ ಮೊದಲೇ ಆ ಮನೆಯ ಅಡಿಗೆಕಟ್ಟೆ ತುಂಬಿರಬೇಕು.

ಕೊನೆಗೆ ಎಸ್ಟಿಲನ ಮನೆ. ಎಪ್ಪತ್ತೆರಡರ ಆಳು, ಒಲೆಯ ಪಕ್ಕದಲ್ಲಿ ಕೂತು, ಒಣಹಾಕಲೆಂದು ಬೀನ್ಸನ್ನು ದಾರಕ್ಕೆ ಪೋಣಿಸುತ್ತಿದ್ದ.

"ನಿನಗೇನು ಬೇಕು ಹೇಳು, ಎಸ್ಟಿಲ್."

"ಹೆಂಡತಿ ಬೇಕು. ಸಿಗ್ತಾಳಾ ನಿನ್ನ ಪೆಟ್ಟಿಗೇಲಿ?"

"ನಿನ್ನ ಮೋರೆಗೆ ಒಬ್ಬಳು ಸಿಕ್ಕಿದ್ದೇ ಪವಾಡ. ಬೇಗ ಹೇಳು, ಕತ್ತಲಾಗತ್ತೆ."

"ಹವಾಮಾನ ಅಂತ ಬರ್ಕೊ ಹುಡುಗಿ. ಸುಳ್ಳಾದಾಗ ಬೈಯೋದಕ್ಕೆ ಏನಾದ್ರೂ ಬೇಕಲ್ಲ."

ಹುಡುಗಿಗೆ ಅರವತ್ತೆಂಟು ತುಂಬಿತ್ತು. ಬರೆಯುವುದು ಹೇಗೆ, ಯಾವ ಗುಂಡಿ ಒತ್ತಿದರೆ ಹೊರಡುತ್ತದೆ ಎಂಬುದನ್ನೆಲ್ಲ ಆಕೆ ತೋರಿಸಿಕೊಟ್ಟಳು. ಅವನು ಪೆಟ್ಟಿಗೆಯನ್ನು ಕಿಟಕಿಯ ಹಲಗೆಯ ಮೇಲಿಟ್ಟು, "ನಾನು ಬರೆದದ್ದು ನಿನಗೆ ಬರತ್ತಾ?" ಎಂದು ಕೇಳಿದ.

"ಬರತ್ತೆ. ಯಾಕೆ ಬರಲ್ಲ?" ಎಂದಳು ಡೆಲ್ಫಿಯಾ.

ಯೋಚಿಸಿ ಹೇಳಿದ ಮಾತಲ್ಲ. ಕಾಗದ ಬರುತ್ತದೆಯೇ ಎಂದು ಯಾರು ಕೇಳಿದರೂ ಆಕೆ ಜೀವಮಾನವಿಡೀ ಹೇಳುತ್ತ ಬಂದ ಮಾತು ಅದು.

ಎಲ್ಲ ಮುಗಿದ ಮೇಲೆ ಟೆಸ್ಸಾ ತನ್ನ ಕಂಪ್ಯೂಟರಿನಲ್ಲಿ ನೋಡಿ, "ನಿಮ್ಮ ಪಟ್ಟಿ ಖಾಲಿ ಇದೆಯಲ್ಲ, ಮಿಸ್ ಡೆಲ್ಫಿಯಾ?" ಎಂದಳು.

"ನಾನು ಟಪಾಲಿನವಳಮ್ಮ. ದಾಟಿಸೋದು ನನ್ನ ಕೆಲಸ, ಇಟ್ಕೊಳ್ಳೋದಲ್ಲ. ಖಾಲಿ ಇದ್ರೆ ಪೆಟ್ಟಿಗೆ ಬೇರೆಯೋರದ್ದನ್ನ ದಾಟಿಸತ್ತೋ ಇಲ್ಲವೋ?"

"ದಾಟಿಸತ್ತೆ. ನಿಮಗೇನೂ ತೋರಿಸಲ್ಲ ಅಷ್ಟೆ."

"ಸರಿಯಾಯ್ತು ಬಿಡು."

ಆ ಚಳಿಗಾಲದಲ್ಲಿ ಪೆಟ್ಟಿಗೆಗಳು ಚೆನ್ನಾಗಿ ದುಡಿದವು. ಓಪಲಳ ಇನ್ಸುಲಿನ್ ತೀರಿದಾಗ ಪಟ್ಟಣಕ್ಕೆ ಹೋಗುತ್ತಿದ್ದವರಿಗೆ ಸುದ್ದಿ ಸಿಕ್ಕಿ ಸಂಜೆಯೊಳಗೆ ಬಂತು. ಯಾವುದೋ ಸುದ್ದಿ ತನ್ನ ಮೂಲಕ ದಾಟಿದಾಗಲೆಲ್ಲ ಡೆಲ್ಫಿಯಾಳ ಪೆಟ್ಟಿಗೆಯ ಹಸಿರು ದೀಪ ಒಮ್ಮೆ ಮಿಣುಕುತ್ತಿತ್ತು. ಆಕೆ ಹೊಲಿಗೆ ಹಿಡಿದು ಅದರ ಎದುರಿಗೆ ಕೂರುತ್ತಿದ್ದಳು. ಏನು ದಾಟಿತೆಂದು ತಿಳಿಯದೆ, ಏನೋ ದಾಟಿತೆಂಬ ತೃಪ್ತಿಯಲ್ಲಿ ಸೂಜಿ ಓಡಿಸುತ್ತಿದ್ದಳು.

ಫೆಬ್ರವರಿಯ ಒಂದು ಸೋಮವಾರ ಹಿಮದ ಮೇಲೆ ಮಳೆ ಬಿತ್ತು. ಹಳ್ಳ ರಸ್ತೆಗೆ ಬಂತು. ಕೊಳ್ಳದ ತಲೆಯ ಕಡೆ ಹೋಗುವ ದಾರಿ ನಿಂತಿತು. ಆ ಕಡೆಯಿಂದ ಪೆಟ್ಟಿಗೆಗೆ ಕೆಟ್ಟ ಸುದ್ದಿಯೇನೂ ಬಾರದಿದ್ದುದರಿಂದ ಮೇಲಿನ ಮನೆಗಳಲ್ಲಿ ಎಲ್ಲರೂ ಕ್ಷೇಮವೆಂದು ಜನ ತಿಳಿದರು. ಡೆಲ್ಫಿಯಾ ಕೂಡ ಹಾಗೇ ತಿಳಿದಳು. ಗುರುವಾರ ಬೆಳಿಗ್ಗೆ ಚರ್ಚಿನ ದಿಬ್ಬ ಹತ್ತಿದಾಗ, ದೂರದಲ್ಲಿ ಎಸ್ಟಿಲನ ಚಿಮಣಿ ಕಂಡಿತು. ಹೊಗೆ ಇರಲಿಲ್ಲ.

ಆಕೆ ಹರ್ಷೆಲನನ್ನು ಎಬ್ಬಿಸಿಕೊಂಡು, ಮರ ಸಾಗಿಸುವ ಹಳೆಯ ಜಾಡು ಹಿಡಿದು ನಡೆದಳು. ಎಸ್ಟಿಲ್ ಅಡಿಗೆಮನೆಯಲ್ಲಿ ಆರಿದ ಒಲೆಯ ಪಕ್ಕ ಬಿದ್ದಿದ್ದ. ಎಡಗೈಯಿಂದ ನೆಲದ ಕಂಬಳಿಯನ್ನು ಮೈಮೇಲೆ ಎಳೆದುಕೊಂಡಿದ್ದ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಜೀವವಿತ್ತು. ಹರ್ಷೆಲ್ ಹೋಗಿ ಕರೆತಂದವರೂ ಸೇರಿ ಆರು ಜನ ಕೌದಿಯ ನಾಲ್ಕು ಮೂಲೆ ಹಿಡಿದು ಅವನನ್ನು ಬೆಟ್ಟದಾಚೆಯ ರಸ್ತೆಗೆ ಹೊತ್ತರು. ಪಟ್ಟಣದ ಆಸ್ಪತ್ರೆಯ ವೈದ್ಯರು, ಇದು ಪಾರ್ಶ್ವವಾಯು, ಲಕ್ಷಣ ಕಂಡ ದಿನವೇ ಕರೆತಂದಿದ್ದರೆ ಬಲಗೈ ಬಲಗಾಲು ಉಳಿಯಬಹುದಿತ್ತು ಎಂದರು. ಗದರಿ ಹೇಳಿದ್ದಲ್ಲ, ಮೆಲ್ಲನೆ ಹೇಳಿದರು. ಗದರಿದ್ದರೆ ಡೆಲ್ಫಿಯಾಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಎರಡು ವಾರದ ನಂತರ ಅವನನ್ನು ಮನೆಗೆ ಕರೆತಂದರು. ಕೊಳ್ಳದ ಹೆಂಗಸರು ಸರದಿಯಲ್ಲಿ ನೋಡಿಕೊಳ್ಳತೊಡಗಿದರು. ಮಾತು ತೊದಲುತ್ತಿತ್ತಾದರೂ ಕೊಂಕು ಎಲ್ಲಿಗೂ ಹೋಗಿರಲಿಲ್ಲ. ಡೆಲ್ಫಿಯಾ ಮೆಕ್ಕೆಜೋಳದ ಬ್ರೆಡ್ಡನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನಿಸುತ್ತಿದ್ದಾಗ ಅವನು, "ಆವತ್ತು ನಿಂಗೆ ಬರೆದಿದ್ನಲ್ಲ" ಎಂದ.

"ಏನು?"

"ಕಾಗದ. ಪೆಟ್ಟಿಗೇಲಿ. ಮಂಗಳವಾರ, ಊಟದ ಹೊತ್ತಿಗೆ."

ಡೆಲ್ಫಿಯಾಳ ಕೈಯಲ್ಲಿ ಚಮಚ ನಿಂತಿತು. "ನನಗೆ ಬರಲಿಲ್ಲ, ಎಸ್ಟಿಲ್."

"ಬರತ್ತೆ ಅಂದಿದ್ದೆ."

ಆಕೆ ತಲೆ ತಗ್ಗಿಸಿದಳು. ಅವನು, "ಹೋಗ್ಲಿ ಬಿಡು. ಮೂವತ್ತೊಂದು ವರ್ಷಕ್ಕೆ ಒಂದು. ಸರ್ಕಾರ ಕ್ಷಮಿಸತ್ತೆ" ಎಂದ.

ಪೆಟ್ಟಿಗೆ ಕೈಗೆಟಕುವಷ್ಟು ದೂರದಲ್ಲಿ, ಕಿಟಕಿಯ ಹಲಗೆಯ ಮೇಲೇ ಇತ್ತು. ಎರಡು ಗುಂಡಿ ಒತ್ತಿದ್ದರೆ ಆ ಕಾಗದ ಕಾಣುತ್ತಿತ್ತು. ಆದರೆ ಅದು ಅವನ ಪೆಟ್ಟಿಗೆ. ಆಕೆ ಬಟ್ಟಲು ತೊಳೆದಿಟ್ಟು ಮನೆಗೆ ಬಂದಳು.

ಮರುದಿನ ಪೆಟ್ಟಿಗೆಗಳನ್ನು ಪರೀಕ್ಷಿಸಲು ಬಂದ ಟೆಸ್ಸಾ ಎಲ್ಲವನ್ನೂ ಕೇಳಿ, ತನ್ನ ಕಂಪ್ಯೂಟರಿನಲ್ಲಿ ಎಲ್ಲ ಮನೆಗಳ ಪಟ್ಟಿಯನ್ನೂ ತೆರೆದು ನೋಡಿದಳು. ಆಮೇಲೆ, "ಪೆಟ್ಟಿಗೆ ಕೆಟ್ಟಿಲ್ಲ, ಮಿಸ್ ಡೆಲ್ಫಿಯಾ. ಅವರು ಬರೆದದ್ದರಲ್ಲಿ ಯಾರೂ ಕೇಳಿದ ಮಾತು ಇರಲಿಲ್ಲ, ಅದಕ್ಕೆ ಹೊರಡಲೇ ಇಲ್ಲ. 'ಔಷಧಿ' ಅಂತ ಒಂದು ಮಾತು ಬರೆದಿದ್ರೆ ಹನ್ನೊಂದು ಮನೆಗೆ ಹೋಗ್ತಿತ್ತು" ಎಂದಳು.

"ಅವನು ಅದನ್ನ ಬರೆಯೋನಲ್ಲ. ಈಗಲೂ ಅಲ್ಲೇ ಇದೆಯಾ?"

"ಹತ್ತೊಂಬತ್ತು ದಿನ ಆಯ್ತು. ಇರತ್ತೆ. ನೀವು ಕೇಳಿದ್ರೆ ಬರತ್ತೆ. ಅದರಲ್ಲಿ ಇದ್ದೇ ಇರತ್ತೆ ಅನ್ನೋ ಒಂದು ಮಾತು ಗೊತ್ತಿರಬೇಕು."

ಡೆಲ್ಫಿಯಾಳಿಗೆ ಗೊತ್ತಿತ್ತು. ಎಸ್ಟಿಲ್ ಹಳೆಯ ಶಾಲೆಯಲ್ಲಿ ಓದಿದವನು. ಕಾಗದವೆಂದರೆ ಮೊದಲ ಸಾಲಿನಲ್ಲಿ ಹೆಸರು ಬರೆದೇ ಮುಂದುವರಿಯುವವನು. ಯಾರೂ ಕೇಳಕೂಡದೆಂದು ಚರ್ಚಿನಲ್ಲಿ ನಿಂತು ತಾನೇ ತಡೆದದ್ದು ಹೆಸರನ್ನು.

ಆಕೆ ಕನ್ನಡಕ ಹಾಕಿಕೊಂಡು ತನ್ನ ಪೆಟ್ಟಿಗೆಯ ಮುಂದೆ ಕೂತಳು. ಖಾಲಿ ಪಟ್ಟಿಯ ಮೊದಲ ಸಾಲಿನಲ್ಲಿ ಒಂದೊಂದೇ ಅಕ್ಷರ ಹುಡುಕಿ, "ಡೆಲ್ಫಿಯಾ" ಎಂದು ಬರೆದಳು.

ಹಸಿರು ದೀಪ ಮಿಣುಕಿತು. ಆ 'ಬೇಕು' ಈಗ ಎಲ್ಲಿರಬಹುದೆಂದು ಯಾರೂ ಆಕೆಗೆ ಹೇಳಬೇಕಾಗಿರಲಿಲ್ಲ. ಚರ್ಚಿನ ಗೋಪುರಕ್ಕೆ ಹೋಗಿರುತ್ತದೆ. ಅಲ್ಲಿಂದ ಹರ್ಷೆಲನ ಮರದ ಅಂಗಳ, ಅವಳಿ ಸೇತುವೆಯ ಹತ್ತಿರದ ನೀಲಿ ಮನೆ, ಆಮೇಲೆ ಜುಲೈನಲ್ಲಿ ಕೊಚ್ಚಿಹೋಗಿ ಮತ್ತೆ ಎದ್ದ ಮನೆ. ಮನಸ್ಸಿನಲ್ಲೇ ಗೇರು ಬದಲಿಸುತ್ತ, ತಿರುವಿಗೊಮ್ಮೆ ಕೈಯನ್ನು ಬಲಕ್ಕೆ ಚಾಚುತ್ತ, ಡೆಲ್ಫಿಯಾ ಅದರ ಜೊತೆಗೇ ಮೇಲಕ್ಕೆ ಹೋದಳು. ಕೊನೆಯ ತಿರುವು, ಕಿಟಕಿಯ ಹಲಗೆ. ಆಮೇಲೆ ಅದೇ ದಾರಿಯಲ್ಲಿ ವಾಪಸು.

ಪರದೆಯ ಮೇಲೆ ಅಕ್ಷರ ಮೂಡಿತು.

"ಡೆಲ್ಫಿಯಾ, ಹಳ್ಳ ಇಳಿದ ಮೇಲೆ ಒಮ್ಮೆ ಈ ಕಡೆ ಬಂದು ಹೋಗು. ಬೆಳಗ್ಗೆಯಿಂದ ಬಲಗೈಯಲ್ಲಿ ಕಾಫಿಯ ಕಪ್ಪು ನಿಲ್ಲುತ್ತಿಲ್ಲ. ಆತುರವೇನಿಲ್ಲ. ಎಸ್ಟಿಲ್."

ಟೆಸ್ಸಾ ಎದ್ದು ಜಗಲಿಗೆ ಹೋದಳು. ಡೆಲ್ಫಿಯಾ ಆ ನಾಲ್ಕು ಮಾತನ್ನು ಹಾಳೆಯ ಮೇಲೆ ಬರೆದುಕೊಂಡು, ಮಡಿಸಿ ಲಕೋಟೆಯಲ್ಲಿಟ್ಟು, ಕೋಟಿನ ಜೇಬಿಗೆ ಹಾಕಿಕೊಂಡಳು.

ಎಸ್ಟಿಲ್ ದಿಂಬಿಗೆ ಒರಗಿದ್ದ. ಆಕೆ ಲಕೋಟೆ ತೋರಿಸಿ, "ತಲುಪಿತು" ಎಂದಳು. ಅವನು ಓದು ಎಂಬಂತೆ ಗಲ್ಲ ಆಡಿಸಿದ. ಆಕೆ ಓದಿದಳು. ಕಪ್ಪಿನ ಸಾಲನ್ನು ಎರಡು ಸಲ ಓದಿದಳು.

"ಚೆನ್ನಾಗೇ ಬರೆದಿದೀನಿ" ಎಂದ ಅವನು.

"ಎಸ್ಟಿಲ್, ನಂದು ತಪ್ಪಾಯ್ತು. ಬರತ್ತೆ ಅಂತ ನಾನೇ ಹೇಳಿದ್ದೆ. ಬರದ ಹಾಗೆ ಮಾಡಿದೋಳೂ ನಾನೇ."

"ಆತುರ ಇಲ್ಲ ಅಂತ ಬರೆದಿದ್ನಲ್ಲ ನಾನು. ನೀನು ನಿಧಾನವಾಗಿ ಬಂದೆ." ಎಡಗೈ ಹೊದಿಕೆಯ ಮೇಲೆ ಸರಿದು ಆಕೆಯ ಕೈಯನ್ನು ಮುಟ್ಟಿತು. "ಇಮೊಜೀನ್ ಬಯ್ತಿದ್ಲು. ನಿನ್ನನ್ನಲ್ಲ, ನನ್ನನ್ನ."

ಅಂದಿನಿಂದ ಆಕೆ ದಿನವೂ ಹೋದಳು, ಭಾನುವಾರವೂ. ಮೇ ತಿಂಗಳಲ್ಲಿ, ಬೀನ್ಸಿನ ಬಳ್ಳಿಗೆ ಕೋಲು ಕೊಡುವ ಹೊತ್ತಿಗೆ, ಒಂದು ಮಧ್ಯಾಹ್ನ ಅವನು ತೀರಿಕೊಂಡ. ಅವನ ಎಡಗೈ ಆಕೆಯ ಕೈಯಲ್ಲಿತ್ತು. ಕಿಟಕಿಯ ಹಲಗೆಯ ಪೆಟ್ಟಿಗೆಯಲ್ಲಿ ಆಕೆಯೇ ಸಾವಿನ ಸುದ್ದಿ ಬರೆದಳು. ಅದು ಎಲ್ಲ ಮನೆಗೂ ಬೇಕಾದ ಮಾತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೋಯಿತು. ಸಂಜೆಯೊಳಗೆ ಅಡಿಗೆಕಟ್ಟೆಯ ಮೇಲೆ ಹುರಿದ ಕೋಳಿ, ಬೀನ್ಸಿನ ಪಾತ್ರೆ, ಒಣಸೇಬಿನ ಪದರ ಕೇಕು ಸಾಲುಗಟ್ಟಿದವು. ಅವನು ಬದುಕಿದ್ದಾಗ ಹೊರಡದೆ ಕೂತ ಸುದ್ದಿಗೂ ಇದಕ್ಕೂ ಇದ್ದ ಅಂತರ ಅಲ್ಲಿ ನೆರೆದವರಿಗೆಲ್ಲ ತಿಳಿಯಿತು.

ಮುಂದಿನ ಭಾನುವಾರ ಡೆಲ್ಫಿಯಾ ಚರ್ಚಿನಲ್ಲಿ ಎರಡನೆಯ ಸಲ ಎದ್ದು ನಿಂತಳು. "ಹೆಸರು ಬೇಡ ಅಂತ ನಾನು ಹೇಳಿದ್ದು ತಪ್ಪು. ಎಲ್ಲರೂ ಅವರವರ ಹೆಸರು ಬರ್ಕೊಳ್ಳಿ. ಅದರ ಕೆಳಗೆ, ನೀವು ಕಣ್ಣಿಟ್ಟಿರಬೇಕಾದ ಒಬ್ಬರ ಹೆಸರು ಬರೀರಿ. ಅವರನ್ನ ಕೇಳಿ, ಅವರು ಹೂಂ ಅಂದ ಮೇಲೆ."

ಹರ್ಷೆಲ್ ಹಿಂದಕ್ಕೆ ತಿರುಗಿ ನೋಡಿದ. "ಓಪಲ್, ನಿನ್ನ ಹೆಸರು ನಾನು ಬರ್ಕೊಳ್ಳಲಾ?"

"ಬರ್ಕೊ. ನಿಮ್ಮಮ್ಮನ ಕಿವಿ ಹೇಗೂ ನಿನಗೇ ಬಂದಿದೆ" ಎಂದಳು ಓಪಲ್. ಈ ಸಲ ಯಾರೂ ಜೋರಾಗಿ ನಗಲಿಲ್ಲ.

ಡೆಲ್ಫಿಯಾ ಇನ್ನೊಮ್ಮೆ ಮನೆಮನೆಗೆ ಹೋಗಿ ಬಂದಳು. ಆಕೆಯ ಸ್ವಂತ ಪಟ್ಟಿಯಲ್ಲಿ ಈಗ ಮೊದಲು ಆಕೆಯ ಹೆಸರಿದೆ, ಅದರ ಕೆಳಗೆ ಒಪ್ಪಿಗೆ ಪಡೆದು ಬರೆದ ಹೆಸರುಗಳು, ಕೊಳ್ಳದ ಬಾಯಿಂದ ತಲೆಯವರೆಗೆ ಟಪಾಲಿನ ಸರದಿಯಲ್ಲಿಯೇ. ಒಪ್ಪಿಗೆ ಕೇಳಲಾಗದ ಹೆಸರು ಒಂದೇ, ಕೊನೆಯದು. ಎಸ್ಟಿಲನ ಮನೆ ಬೀಗ ಹಾಕಿದೆಯಾದರೂ ಕಿಟಕಿಯ ಹಲಗೆಯ ಮೇಲಿನ ಪೆಟ್ಟಿಗೆಯನ್ನು ತೆಗೆದಿಲ್ಲ. ತಿಂಗಳಿಗೊಮ್ಮೆ ಆಕೆ ಹೋಗಿ ಬಿಸಿಲಿನ ಫಲಕವನ್ನು ಒರೆಸುತ್ತಾಳೆ. ಹೊರಡುವ ಮುನ್ನ ಜೀಪಿನಲ್ಲಿ ಕೂತು ಎರಡು ಸಲ ಹಾರ್ನ್ ಒತ್ತುತ್ತಾಳೆ.